ಬಿಳಿ ಕಾರಿಗೆ ನೀಲಿ ಬಾಗಿಲು

"ಉಸ್ತಾದ್, ಓಟಕ್ಕೆ ಬರುವ ಕಾರು ನೋಡುವುದಕ್ಕೂ ಚೆನ್ನಾಗಿರಬೇಕಲ್ಲವೇ?"

ಕೇಳಿದವನು ಕೊಟ್ರೇಶ. ಬೈಪಾಸ್ ರಸ್ತೆಯ ಪಕ್ಕದಲ್ಲಿ ದಾವಲಸಾಬರ ಗ್ಯಾರೇಜು. ಹಳೆಯ ಕಾರನ್ನು ಓಟಕ್ಕೆ ಸಜ್ಜು ಮಾಡುವುದನ್ನೂ ಓಡಿಸುವುದನ್ನೂ ಅಲ್ಲಿ ಕಲಿಯುತ್ತಿದ್ದ ಕೆಲವರಲ್ಲಿ ಅವನೂ ಒಬ್ಬ. ಹಿಂದಿನ ಭಾನುವಾರ ಮಣ್ಣಿನ ಓಟದಲ್ಲಿ ಅವನ ಪಕ್ಕಕ್ಕೆ ಒಂದು ಕಾರು ಬಂದು ನಿಂತಿತ್ತು. ಮೈ ಒಂದು ಬಣ್ಣ, ಬಾನೆಟ್ಟು ಇನ್ನೊಂದು. ದೀಪವಿರಬೇಕಾದ ಜಾಗದಲ್ಲಿ ತಗಡು. ನೋಡಲು ಬಂದವರು ನಕ್ಕರು. ಆ ನಗು ತನ್ನ ಮೇಲೂ ಬಿದ್ದಂತೆ ಕೊಟ್ರೇಶನಿಗೆ ಅನ್ನಿಸಿತು. ಖರ್ಚು ಕಡಿಮೆ ಇರಲಿ, ಅದಕ್ಕೆ ತನ್ನ ತಕರಾರಿಲ್ಲ, ಆದರೆ ಇಂಥವನ್ನೆಲ್ಲ ಓಟ ಶುರುವಾಗುವ ಗೆರೆಗೆ ಬಿಟ್ಟರೆ ಆಟಕ್ಕೆ ಮರ್ಯಾದೆ ಉಳಿಯುವುದಿಲ್ಲ ಎಂದು ಅವನು ವಾದಿಸಿದ.

ದಾವಲಸಾಬರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತರು. ಉಳಿದವರೂ ಕೆಲಸ ಬಿಟ್ಟು ಹತ್ತಿರ ಬಂದರು.

"ಒಂದು ಕತೆ ಹೇಳ್ತೀನಿ," ಎಂದರು ಅವರು. "ಹೆಸರು ಮಾತ್ರ ಕೇಳಬೇಡ. ಹೆಸರು ಹೇಳಿದ್ರೆ ಯಾವ ಓಣಿ, ಯಾರ ಪೈಕಿ ಅಂತ ಕೇಳ್ತೀಯ. ಅವರೆಲ್ಲ ಗಾಡಿ ಓಡಿಸೋರು. ಅಷ್ಟು ಸಾಕು."

ಒಂದು ಊರು. ಊರ ಹೊರಗೆ ನೀರು ನಿಲ್ಲದ ಒಂದು ಕೆರೆ. ಅದರ ಅಂಗಳ ಯಾರಿಗೂ ಬೇಡವಾದ ಗಟ್ಟಿ ನೆಲ. ಅಲ್ಲಿ ಕೆಲವರು ಭಾನುವಾರ ಭಾನುವಾರ ಕಾರು ಓಡಿಸತೊಡಗಿದರು. ಅವರಲ್ಲಿ ಲೇತ್ ಯಂತ್ರದಲ್ಲಿ ಕೆಲಸ ಮಾಡುವವನಿದ್ದ. ಹಾಲಿನ ಟೆಂಪೊ ಓಡಿಸುವವನಿದ್ದ. ಶಾಲೆಯ ವ್ಯಾನು ಓಡಿಸುವ ಒಬ್ಬ ಹೆಂಗಸಿದ್ದಳು. ವಾರವೆಲ್ಲ ಬೇರೆಯವರಿಗಾಗಿ ಸ್ಟೀರಿಂಗ್ ಹಿಡಿಯುವ ಜನ, ಒಂದು ದಿನ ತಮಗಾಗಿ ಹಿಡಿಯುತ್ತಿದ್ದರು.

ಎಲ್ಲರೂ ಗುಜರಿಗೆ ಹೋಗಲಿದ್ದ ಒಂದೇ ಮಾದರಿಯ ಚಿಕ್ಕ ಕಾರನ್ನು ಕೊಂಡರು. ಯೋಚಿಸಿಯೇ ಹಾಗೆ ಕೊಂಡಿದ್ದು. ಒಬ್ಬನ ಕಾರಿನ ಬಾಗಿಲು ಇನ್ನೊಬ್ಬನ ಕಾರಿಗೆ ಕೂಡಬೇಕು. ಒಬ್ಬನ ಬಾನೆಟ್ಟು ಇನ್ನೊಬ್ಬನದಕ್ಕೆ ಕೂರಬೇಕು. ಓಟ ಸುಲಭದ್ದು. ಟೈರುಗಳನ್ನು ಇಟ್ಟು ತಿರುವು ಗುರುತು ಮಾಡುವುದು, ಒಬ್ಬೊಬ್ಬರೇ ಸುತ್ತು ಹೊಡೆಯುವುದು, ಬೇಗ ಮುಗಿಸಿದವರು ಗೆದ್ದಂತೆ. ಓಡುವ ಮೊದಲು ನಾಲ್ಕು ಸಂಗತಿ ನೋಡುತ್ತಿದ್ದರು. ಬ್ರೇಕು ಹಿಡಿಯಬೇಕು. ಬೆಲ್ಟು ಬಿಗಿಯಬೇಕು. ತಲೆಯ ಮೇಲಿನ ಕಬ್ಬಿಣದ ಕಂಬಿ ಅಲುಗಬಾರದು. ಬಾಗಿಲ ಚಿಲಕ ಬೀಳಬೇಕು. ಐದನೆಯದನ್ನು ಯಾರೂ ಕೇಳುತ್ತಿರಲಿಲ್ಲ.

ಕಾರು ಮಗುಚುವುದು, ಬಾಗಿಲು ನಜ್ಜುಗುಜ್ಜಾಗುವುದು ಆ ಆಟದಲ್ಲಿ ಇದ್ದದ್ದೇ. ಬಾಗಿಲು ಹೋದವನು ಕೇಳುತ್ತಿದ್ದ, ಇದ್ದವನು ಕೊಡುತ್ತಿದ್ದ. ಕೇಳುವುದರಲ್ಲಿ ನಾಚಿಕೆ ಇರಲಿಲ್ಲ, ಕೊಡುವುದರಲ್ಲಿ ದೊಡ್ಡಸ್ತಿಕೆ ಇರಲಿಲ್ಲ. ಒಂದೇ ಕಟ್ಟಳೆ. ಕೊಟ್ಟ ಬಾಗಿಲಿಗೆ ಬೇರೆ ಬಣ್ಣ ಹೊಡೆಯಬಾರದು. ಕೊಟ್ಟವನು ಕೆರೆಯ ಏರಿಯ ಮೇಲೆ ನಿಂತು, ಅಗೋ ನನ್ನ ಬಾಗಿಲು ಹೋಗ್ತಿದೆ ಎಂದು ತೋರಿಸಬೇಕು. ಹಾಗಾಗಿ ಅಲ್ಲಿನ ಯಾವ ಕಾರೂ ಒಂದೇ ಬಣ್ಣದಲ್ಲಿ ಉಳಿಯಲಿಲ್ಲ. ನೋಡಿದವರಿಗೆ ತೇಪೆ ಹಾಕಿದ ಕೌದಿಯಂತೆ ಕಾಣುತ್ತಿದ್ದವು. ಓಡಿಸುವವರಿಗೆ ಮಾತ್ರ ಯಾವ ತೇಪೆ ಯಾರದ್ದೆಂದು ಗೊತ್ತಿತ್ತು.

ವ್ಯಾನಿನವಳು ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಒಮ್ಮೆ ಅವಳು ಗೆದ್ದಾಗ ಪತ್ರಿಕೆಯವರು ಬಂದು ಫೋಟೊ ತೆಗೆದರು. ಮರುದಿನ ಅವಳು ಪತ್ರಿಕೆ ತಂದು ಬಿಡಿಸಿ ನೋಡಿದಳು. ಅವಳ ಮುಖವಿತ್ತು. ಕೈಯಲ್ಲಿ ಗೆದ್ದ ಕಪ್ ಇತ್ತು. ಕಾರು ಇರಲಿಲ್ಲ. ಅದು ನಿಂತಿದ್ದ ಕಡೆಯನ್ನು ಕತ್ತರಿಸಿ ತೆಗೆದಿದ್ದರು. ಅಂದಿನಿಂದ ಕಾರನ್ನು ತೊಳೆಯುವಾಗ ಅವಳ ಕಣ್ಣು ಅದರ ಮೈಮೇಲಿನ ಬಣ್ಣಗಳ ಮೇಲೆ ನಿಲ್ಲತೊಡಗಿತು.

ಆ ಹೊತ್ತಿಗೆ ಒಬ್ಬ ವರ್ತಕ ಬಂದ. ಕಾರಿನ ಶೋರೂಮಿನ ಮಾಲೀಕ. ಅವನಿಗೆ ಓಟ ಇಷ್ಟ. ಸುಳ್ಳಲ್ಲ, ನಿಜಕ್ಕೂ ಇಷ್ಟ. ಶಾಮಿಯಾನ ಹಾಕಿಸಿದ, ಮೈಕು ಕೊಡಿಸಿದ, ಗೆದ್ದವರಿಗೆ ಹಾರ ತರಿಸಿದ. ಜನ ಅವನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ವರ್ಷದ ಕೊನೆಗೆ ಎಲ್ಲರಿಗಿಂತ ಮುಂದಿರುವವರಿಗೆ ರಾಜ್ಯದ ಓಟದಲ್ಲಿ ಒಂದು ಜಾಗ ಕೊಡಿಸುವುದಾಗಿ ಹೇಳಿ, ಅದನ್ನೂ ಕೊಡಿಸಿದ. ಆ ಊರಿನಿಂದ ಅಲ್ಲಿಗೆ ಅದುವರೆಗೆ ಯಾರೂ ಹೋದವರಿರಲಿಲ್ಲ.

ಆಮೇಲೆ ಅವನು ಒಂದು ನಿಯಮ ತಂದ. ಕಾರಿಗೆ ಒಂದೇ ಬಣ್ಣ ಇರಬೇಕು. ತಗ್ಗು ಬಿದ್ದಲ್ಲಿ ಪುಟ್ಟಿ ತುಂಬಿರಬೇಕು. ಇಲ್ಲದಿದ್ದರೆ ಗೆರೆಗೆ ಬರುವಂತಿಲ್ಲ. ಗುಜರಿ ಅಂಗಡಿಯ ಮುಂದೆ ಬಿದ್ದಿರುವಂಥ ಕಾರುಗಳನ್ನು ಯಾರು ನೋಡಲು ಬರುತ್ತಾರೆ, ಯಾರು ಹಣ ಹಾಕುತ್ತಾರೆ ಎಂದು ಕೇಳಿದ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದ. ಬಡವರ ಆಟಕ್ಕೆ ಬೇಲಿ ಹಾಕುವವರು ಯಾವಾಗಲೂ ಅದನ್ನೇ ಹೇಳುತ್ತಾರೆ. ಒಪ್ಪುವವರು ಕೈ ಎತ್ತಿ ಎಂದಾಗ ಹಲವರು ಎತ್ತಿದರು. ವ್ಯಾನಿನವಳೂ ಎತ್ತಿದಳು. ಒಂದು ಸಲವಾದರೂ ತನ್ನ ಕಾರು ಫೋಟೊದಲ್ಲಿ ಉಳಿಯಲಿ ಎಂಬುದಷ್ಟೇ ಅವಳ ಆಸೆ. ಆ ಸಂಜೆಯೇ ಕಾರನ್ನು ಪೇಂಟರನಿಗೆ ಬಿಟ್ಟು, ಹಾಲಿನಂಥ ಬಿಳಿ ಬಣ್ಣ ಹೊಡೆಸಿದಳು.

ಮೊದಲ ವಾರ ಎಲ್ಲವೂ ಚೆನ್ನಾಗಿ ಕಂಡಿತು. ಸಾಲಾಗಿ ನಿಂತ ಕಾರುಗಳು ಮದುವೆಗೆ ಬಂದವರಂತೆ ಇದ್ದವು.

ಮುಂದಿನ ವಾರ ಲೇತಿನವನ ಕಾರು ಮಗುಚಿತು. ಸ್ಟೀರಿಂಗ್ ಕಡೆಯ ಬಾಗಿಲು ಹೋಯಿತು. ವ್ಯಾನಿನವಳ ಮನೆಯಲ್ಲಿ, ಕಾರಿನ ಜೊತೆಗೇ ಬಿಳಿ ಹೊಡೆಸಿಟ್ಟಿದ್ದ ಒಂದು ಬಾಗಿಲಿತ್ತು. ಅವಳು ಕೊಡಲು ಹೊರಟಳು, ಅರ್ಧ ದಾರಿಯಲ್ಲಿ ನಿಂತಳು. ತನ್ನದು ಬಿಳಿ, ಅವನ ಕಾರು ಕೆಂಪು. ಕೊಟ್ಟರೆ ಅವನು ಮತ್ತೆ ಪೇಂಟರನ ಬಳಿ ಹೋಗಬೇಕು. ಅವನ ಕೈಯಲ್ಲಿ ಅದು ಆಗದು ಎಂದು ಅವಳಿಗೆ ಗೊತ್ತು. ಆಗದ್ದನ್ನು ಕೊಟ್ಟು ಅವನನ್ನು ಯಾಕೆ ನೋಯಿಸಲಿ ಎಂದುಕೊಂಡು ಹಿಂದಿರುಗಿದಳು. ಅವನೂ ಕೇಳಲಿಲ್ಲ. ಯಾವುದೋ ಗುಜರಿಯಿಂದ ಹಸಿರು ಬಾಗಿಲು ತಂದು ಹಾಕಿಕೊಂಡ. ಅಧ್ಯಕ್ಷ ಅವನನ್ನು ಗೆರೆಗೆ ಬಿಡಲಿಲ್ಲ.

ಹೀಗೆ ಒಬ್ಬೊಬ್ಬರೇ ಹೊರಬಿದ್ದರು. ಯಾರನ್ನೂ ಯಾರೂ ಹೊರದಬ್ಬಲಿಲ್ಲ, ಬೈಯಲಿಲ್ಲ. ಬಣ್ಣ ಕೂಡಲಿಲ್ಲ, ಅಷ್ಟೇ. ಹೊರಬಿದ್ದವರು ಭಾನುವಾರ ಮನೆಯಲ್ಲಿ ಕೂರಲಾರದೆ, ಕಾರುಗಳನ್ನು ತಂದು ಕೆರೆ ಏರಿಯ ಮೇಲೆ ನಿಲ್ಲಿಸಿ ಕೆಳಗಿನ ಓಟ ನೋಡುತ್ತಿದ್ದರು. ಏರಿಯ ಮೇಲೆ ಕಾರುಗಳು ಹೆಚ್ಚಿದವು, ಅಂಗಳದಲ್ಲಿ ಕಡಿಮೆಯಾದವು. ಬೇರೆಯವರ ಬಾಗಿಲು ಕೇಳುವುದು ಈಗ ಭಿಕ್ಷೆಯಂತೆ ಕೇಳಿಸತೊಡಗಿತ್ತು.

ವರ್ಷದ ಕೊನೆಯ ಓಟ ಬಂತು. ವ್ಯಾನಿನವಳು ಎಲ್ಲರಿಗಿಂತ ಮುಂದಿದ್ದಳು. ಹಾಲಿನ ಟೆಂಪೊದವನು ಅವಳ ಬೆನ್ನಿಗೇ ಇದ್ದ. ಅವನು ವರ್ಷವೆಲ್ಲ ಅವಳನ್ನು ಕಾಡಿಸಿದವನು. "ಅಕ್ಕಾ, ಇದು ಶಾಲೆ ವ್ಯಾನಲ್ಲ, ಹಂಪು ಬಂದಲ್ಲೆಲ್ಲ ಮಕ್ಕಳು ಎದ್ದಾವು ಅಂತ ನಿಲ್ಲಬ್ಯಾಡ," ಎನ್ನುತ್ತಿದ್ದ. ಈ ಕೊನೆಯ ಸುತ್ತನ್ನು ಅವಳು ಓಡಿಸಿ ಮುಗಿಸಿದರೆ ರಾಜ್ಯದ ಓಟದ ಜಾಗ ಬಹುಮಟ್ಟಿಗೆ ಅವಳದು. ಓಡಿಸದಿದ್ದರೆ ಅವನದು.

ಅಂದು ದೊಡ್ಡ ಅತಿಥಿಗಳು ಬರುವವರಿದ್ದರು. ತಿರುವಿನಲ್ಲಿದ್ದ ಹಳೆಯ ಟೈರುಗಳು ಕಣ್ಣಿಗೆ ಹಿತವಾಗಿಲ್ಲವೆಂದು ಅಧ್ಯಕ್ಷ ಅವನ್ನು ತೆಗೆಸಿ, ಸುಣ್ಣ ಬಳಿದ ಕಲ್ಲುಗಳನ್ನು ಇಡಿಸಿದ್ದ. ಅತಿಥಿಗಳ ಬಟ್ಟೆಗೆ ಧೂಳು ಹತ್ತಬಾರದೆಂದು ಟ್ಯಾಂಕರಿನಿಂದ ನೀರು ಹೊಡೆಸಿದ್ದ. ಬೆಳಗಿನ ಅಭ್ಯಾಸದ ಸುತ್ತಿನಲ್ಲಿ ವ್ಯಾನಿನವಳ ಕಾರು ಆ ಹಸಿ ಮಣ್ಣಿನಲ್ಲಿ ಜಾರಿತು. ಟೈರಾಗಿದ್ದರೆ ಕಾರನ್ನು ಹಿಂದಕ್ಕೆ ತಳ್ಳುತ್ತಿತ್ತು. ಕಲ್ಲು ತಳ್ಳಲಿಲ್ಲ. ಅವಳ ಪಕ್ಕದ ಬಾಗಿಲು ಒಳಕ್ಕೆ ಮಡಚಿಕೊಂಡಿತು. ಅವಳಿಗೆ ಏನೂ ಆಗಲಿಲ್ಲ. ಆದರೆ ಬಾಗಿಲು ಮುಚ್ಚದಾಯಿತು, ಚಿಲಕ ಬೀಳದಾಯಿತು.

ಮನೆಯಲ್ಲಿದ್ದ ಬಿಳಿ ಬಾಗಿಲನ್ನು ಅವಳು ಎಂದೋ ಗುಜರಿಗೆ ಹಾಕಿದ್ದಳು. ಯಾರಿಗೂ ಕೊಡಲಾಗದ ಬಾಗಿಲು ಮನೆಯಲ್ಲಿ ಜಾಗ ತಿನ್ನುವುದೇಕೆ ಎಂದುಕೊಂಡಿದ್ದಳು. ಈಗ ಕಾರಿನ ಪಕ್ಕ ನೆಲದ ಮೇಲೆ ಕುಳಿತಳು. ಕೇಳಬೇಕು. ಕೇಳಲು ಬಾಯಿ ಬರಲಿಲ್ಲ.

ಏರಿಯ ಮೇಲಿನಿಂದ ಲೇತಿನವನು ಇಳಿದು ಬಂದ. ತನ್ನ ಕಾರಿನಿಂದ ಕಳಚಿದ ಹಸಿರು ಬಾಗಿಲನ್ನು ಹೆಗಲ ಮೇಲೆ ಹೊತ್ತಿದ್ದ. ಕೇಳದೆಯೇ ತಂದಿದ್ದ. ಅವಳು ಅವನ ಮುಖ ನೋಡಲಾರದೆ ಬಾಗಿಲನ್ನು ನೋಡಿದಳು.

ಅಧ್ಯಕ್ಷ ಅಡ್ಡ ಬಂದ. ಬಿಳಿ ಕಾರಿಗೆ ಹಸಿರು ಬಾಗಿಲು ನಡೆಯುವುದಿಲ್ಲ ಎಂದ. ನಿಯಮ ಎಲ್ಲರಿಗೂ ಒಂದೇ, ಲೇತಿನವನಿಗೆ ಬೇಡವೆಂದ ಮೇಲೆ ನಿಮಗೆ ಹೇಗೆ ಬಿಡಲಿ ಎಂದು ಕೇಳಿದ. ಆಮೇಲೆ ಮೆಲ್ಲಗೆ, "ನೀವೂ ಕೈ ಎತ್ತಿದ್ರಲ್ಲ ತಾಯಿ," ಎಂದ.

ಅದು ನಿಜವಾಗಿತ್ತು. ಅವಳು ಲೇತಿನವನಿಗೆ ಬಾಗಿಲು ಹಿಂದಕ್ಕೆ ಒಯ್ಯಲು ಹೇಳಿದಳು. ಅವನು ಒಯ್ಯಲಿಲ್ಲ. ಅದನ್ನು ಅಲ್ಲೇ ಇಳಿಸಿ, ಅದರ ಪಕ್ಕದಲ್ಲೇ ನಿಂತ.

ಗೆರೆಯ ಹತ್ತಿರ ಕಾರುಗಳು ಸಾಲು ನಿಂತಿದ್ದವು. ಎಲ್ಲರ ಮುಂದೆ ಹಾಲಿನ ಟೆಂಪೊದವನ ನೀಲಿ ಕಾರು. ಅವನು ಒಳಗೆ ಕುಳಿತು ಬೆಲ್ಟು ಬಿಗಿದುಕೊಂಡಿದ್ದ. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನೆ ಕುಳಿತು ಬಾವುಟ ಕೆಳಗಿಳಿದಾಗ ಹೊರಟರೆ ಸಾಕಿತ್ತು.

ಅವನು ಬೆಲ್ಟು ಬಿಚ್ಚಿ ಇಳಿದ. ಅಧ್ಯಕ್ಷನ ಹತ್ತಿರ ಬಂದು ನಿಂತ.

"ಯಜಮಾನ್ರೇ, ಎರಡು ಬಣ್ಣ ಇದ್ದ ಕಾರು ಓಡಂಗಿಲ್ಲ. ಹೌದಲ್ರೀ?"

"ಹೌದಪ್ಪ. ಅದೇ ನಿಯಮ."

"ಯಾರದಾದ್ರೂ?"

"ಯಾರದಾದ್ರೂ."

ಟೆಂಪೊದವನು ಲೇತಿನವನ ಜೇಬಿನಿಂದ ಸ್ಪ್ಯಾನರ್ ತೆಗೆದುಕೊಂಡ. ತನ್ನ ಕಾರಿನ ಬಳಿ ಹೋಗಿ ನೀಲಿ ಬಾಗಿಲಿನ ಬೋಲ್ಟು ಬಿಚ್ಚಿದ. ಅದನ್ನು ತಂದು, ವ್ಯಾನಿನವಳ ಬಿಳಿ ಕಾರಿನ ಮುರಿದ ಬಾಗಿಲನ್ನು ಕಳಚಿ, ಅದರ ಜಾಗಕ್ಕೆ ಕೂರಿಸಿದ. ನೆಲದ ಮೇಲಿದ್ದ ಹಸಿರು ಬಾಗಿಲನ್ನು ಎತ್ತಿಕೊಂಡು ಹೋಗಿ ತನ್ನ ನೀಲಿ ಕಾರಿಗೆ ಜೋಡಿಸಿದ.

ಅಧ್ಯಕ್ಷ ಅವನ ಹಿಂದೆಯೇ ನಡೆದ. ನಿನಗೆ ತಲೆ ಕೆಟ್ಟಿದೆಯೇ, ಜಾಗ ನಿನ್ನ ಕೈಯಲ್ಲೇ ಇತ್ತಲ್ಲ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ದಿನಾ ಬೆಳಗ್ಗೆ ಮನೆಮನೆಗೆ ಹಾಲು ಹಾಕೋನು ನಾನು," ಎಂದ ಟೆಂಪೊದವನು. "ಯಾರನ್ನ ಸೋಲಿಸಿದ್ಯೋ ಅಂತ ಕೇಳ್ತಾರೆ. ಸುಣ್ಣ ಬಳಿದ ಕಲ್ಲು ಸೋಲಿಸ್ತು, ನಾ ಹಾರ ಹಾಕ್ಕೊಂಡು ಬಂದೆ ಅಂತ ಹೇಳ್ಲೇನ್ರೀ?"

ಮೊದಲು ನಕ್ಕವನು ಸಾಲಿನಲ್ಲಿ ಅವನ ಹಿಂದೆ ಇದ್ದವನು. ನಗುತ್ತಲೇ ಇಳಿದು, ತನ್ನ ಹಿಂದಿನವನ ಕಡೆ ತಿರುಗಿ, ನಿನ್ನ ಬಾಗಿಲು ಕೊಡು, ನನ್ನದು ತಗೋ ಎಂದ. ಹಿಂದಿನವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವನು ಬಾಗಿಲು ಕೊಟ್ಟು ಬಾಗಿಲು ಪಡೆದ. ಅವನ ಹಿಂದಿನವರು ಬಾನೆಟ್ಟು ಬದಲಾಯಿಸಿಕೊಂಡರು. ಡಿಕ್ಕಿಗಳಲ್ಲಿದ್ದ ಹತಾರದ ಪೆಟ್ಟಿಗೆಗಳು ಹೊರಬಂದವು, ಸ್ಪ್ಯಾನರುಗಳು ಕೈಯಿಂದ ಕೈಗೆ ಹೋದವು. ಒಬ್ಬರ ಕಾರೂ ಕೆಟ್ಟಿರಲಿಲ್ಲ. ಯಾರಿಗೂ ಯಾರ ಬಾಗಿಲೂ ಬೇಕಾಗಿರಲಿಲ್ಲ. ಆದರೂ ಕೊಟ್ಟರು, ತೆಗೆದುಕೊಂಡರು. ಬೋಲ್ಟು ಬಿಗಿಯುತ್ತ ಒಬ್ಬರನ್ನೊಬ್ಬರು ಹಳೆಯ ಅಡ್ಡಹೆಸರುಗಳಿಂದ ಕರೆದರು. ಎಷ್ಟೋ ದಿನದಿಂದ ಆ ಅಂಗಳದಲ್ಲಿ ಆ ಸದ್ದು ಕೇಳಿರಲಿಲ್ಲ.

ಎಲ್ಲ ಮುಗಿದಾಗ ಸಾಲಿನಲ್ಲಿ ಒಂದೇ ಬಣ್ಣದ ಕಾರು ಒಂದೂ ಇರಲಿಲ್ಲ.

ವ್ಯಾನಿನವಳು ಕಾರಿನೊಳಗೆ ಕುಳಿತು ನೀಲಿ ಬಾಗಿಲನ್ನು ಎಳೆದಳು. ಚಿಲಕ ಬಿತ್ತು. ಅವಳು ಸಾಲಿಗೆ ಬಂದಳು. ಬಾವುಟ ಹಿಡಿದವನು ನಾಲ್ಕೂ ನೋಡಿದ. ಬ್ರೇಕು ಹಿಡಿಯಿತು, ಬೆಲ್ಟು ಬಿಗಿಯಿತು, ಕಂಬಿ ಅಲುಗಲಿಲ್ಲ, ಬಾಗಿಲು ಮುಚ್ಚಿತು. ಅವನು ತಿರುಗಿ ಅಧ್ಯಕ್ಷನ ಮುಖ ನೋಡಿದ.

ನಿಯಮ ಹಾಗೆಯೇ ಇತ್ತು. ಅದನ್ನು ಯಾರೂ ಮುರಿದಿರಲಿಲ್ಲ, ಬೈದಿರಲಿಲ್ಲ, ಧಿಕ್ಕಾರ ಕೂಗಿರಲಿಲ್ಲ. ಆ ನಿಯಮದ ಕೆಳಗೆ ನಿಲ್ಲಲು ಒಂದು ಕಾರೂ ಉಳಿದಿರಲಿಲ್ಲ, ಅಷ್ಟೇ. ಶಾಮಿಯಾನದ ಕೆಳಗೆ ಅತಿಥಿಗಳು ಓಟಕ್ಕಾಗಿ ಕಾದು ಕುಳಿತಿದ್ದರು. ಎಲ್ಲರನ್ನೂ ಓಡಿಸಬೇಕು, ಇಲ್ಲವೇ ಯಾರನ್ನೂ ಓಡಿಸಬಾರದು. ಮೂರನೆಯ ದಾರಿಯನ್ನು ಅಧ್ಯಕ್ಷ ಹುಡುಕಿದ. ಸಿಗಲಿಲ್ಲ.

"ಸರಿ, ಇವತ್ತೊಂದು ದಿನ," ಎಂದ.

ಸೋತ ಅಧಿಕಾರ ಯಾವಾಗಲೂ ಇವತ್ತೊಂದು ದಿನ ಎನ್ನುತ್ತದೆ. ಅನ್ನಲಿ. ಗೆದ್ದವರು ಅದಕ್ಕೆ ಜಗಳವಾಡಬೇಕಾಗಿಲ್ಲ. ನಾಳೆ ಮತ್ತೆ ಬಂದು ನಿಂತರೆ ಆಯಿತು.

ಆ ಮಾತು ಮೈಕಿನಲ್ಲಿ ಬಂದದ್ದೇ ತಡ, ಏರಿಯ ಮೇಲೆ ಎಂಜಿನ್‌ಗಳು ಶುರುವಾದವು. ವರ್ಷವೆಲ್ಲ ಮೇಲೆ ನಿಂತು ನೋಡಿದವರು ಒಬ್ಬರ ಹಿಂದೆ ಒಬ್ಬರು ಅಂಗಳಕ್ಕೆ ಇಳಿದರು. ಹಳದಿ ಬಾನೆಟ್ಟಿನ ಕಪ್ಪು ಕಾರು. ಕಂದು ಬಾಗಿಲಿನ ಬೂದು ಕಾರು. ಎಲ್ಲರ ಕೊನೆಗೆ ಲೇತಿನವನ ಕೆಂಪು ಕಾರು, ಒಂದು ಪಕ್ಕಕ್ಕೆ ಬಾಗಿಲೇ ಇಲ್ಲದೆ. ಸಾಲಿನಲ್ಲಿದ್ದ ಇನ್ನೊಬ್ಬಳು, ತಾನು ಓಡಿಸಿ ಬಂದಮೇಲೆ ತನ್ನದನ್ನು ಬಿಚ್ಚಿಕೊಡುತ್ತೇನೆ ಎಂದು ಅವನಿಗೆ ಕೂಗಿ ಹೇಳಿದಳು. ಅವರನ್ನು ಯಾರೂ ಕರೆದಿರಲಿಲ್ಲ. ಯಾರೂ ತಡೆಯಲೂ ಇಲ್ಲ. ಹೊಡೆಸಿದ್ದ ನೀರು ಅಷ್ಟು ಚಕ್ರಗಳಿಗೆ ಸಾಕಾಗಲಿಲ್ಲ. ಧೂಳು ಎದ್ದಿತು. ಅತಿಥಿಗಳ ಬಿಳಿ ಬಟ್ಟೆಗಳೂ ಕೆರೆಯ ಬಣ್ಣಕ್ಕೆ ಬಂದವು. ಅತಿಥಿಗಳಲ್ಲಿ ಒಬ್ಬರು ಕುರ್ಚಿಯ ಮೇಲೆ ಹತ್ತಿ ನಿಂತು ಚಪ್ಪಾಳೆ ತಟ್ಟಿದರಂತೆ. ಯಾವ ಪುಣ್ಯಾತ್ಮರೋ.

ಓಟಕ್ಕೆ ಮೊದಲು ಇನ್ನೊಂದು ಕೆಲಸವಾಯಿತು. ನಾಲ್ಕು ಜನ ಹೋಗಿ ತಿರುವಿನ ಕಲ್ಲುಗಳನ್ನು ಉರುಳಿಸಿ ಹಾಕಿ, ಹಳೆಯ ಟೈರುಗಳನ್ನು ತಂದಿಟ್ಟರು. ಯಾರೂ ಅಪ್ಪಣೆ ಕೇಳಲಿಲ್ಲ.

ಟೆಂಪೊದವನು ಮೊದಲು ಓಡಿಸಿದ. ಆ ವರ್ಷದಲ್ಲಿ ಯಾರೂ ಅಷ್ಟು ಬೇಗ ಸುತ್ತು ಮುಗಿಸಿರಲಿಲ್ಲ. ಬಾಗಿಲು ಕೊಟ್ಟವನು ಸುತ್ತನ್ನು ಬಿಟ್ಟುಕೊಟ್ಟಿರಲಿಲ್ಲ. ಅದನ್ನು ನೋಡಿ ವ್ಯಾನಿನವಳಿಗೆ ಸಮಾಧಾನವಾಯಿತು. ಅವನು ಸಡಿಲ ಬಿಟ್ಟಿದ್ದರೆ ಅವಳು ಇಳಿದು ಹೋಗಿ ಅವನ ಕಪಾಳಕ್ಕೆ ಹೊಡೆಯುತ್ತಿದ್ದಳು.

ಉಳಿದವರೆಲ್ಲ ಓಡಿಸಿದ ಮೇಲೆ ಅವಳ ಸರದಿ ಬಂತು. ಬಾವುಟ ಇಳಿಯಿತು. ಮೊದಲ ತಿರುವಿಗೆ ಬರುವಾಗ ಅವಳಿಗೆ ಏರಿ ಕಾಣಿಸಿತು. ಅಲ್ಲಿ ಈಗ ಒಂದು ಕಾರೂ ಇರಲಿಲ್ಲ. ಎಲ್ಲವೂ ಕೆಳಗಿದ್ದವು. ಬೆಳಗ್ಗೆ ಜಾರಿದ ತಿರುವಿಗೆ ಬಂದಾಗ ಅವಳು ವೇಗ ತಗ್ಗಿಸಲಿಲ್ಲ. ಹಿಂದಿನ ಚಕ್ರ ಹೊರಕ್ಕೆ ಹೋಯಿತು, ಟೈರಿಗೆ ತಾಗಿತು, ಟೈರು ಅವಳನ್ನು ಒಳಕ್ಕೆ ತಳ್ಳಿತು. ಅವಳು ಆಕ್ಸಿಲರೇಟರ್ ಒತ್ತಿದ ಕಾಲನ್ನು ಎತ್ತದೆ ಗೆರೆ ದಾಟಿದಳು.

ಗಡಿಯಾರ ಹಿಡಿದವನು ಒಮ್ಮೆ ನೋಡಿದ. ಪಕ್ಕದವನಿಗೆ ತೋರಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಎರಡೂ ಕೈ ಮೇಲೆತ್ತಿದ. ಒಂದು ಕಣ್ಣೆವೆ ಮುಚ್ಚಿ ತೆಗೆಯುವಷ್ಟು ಹೊತ್ತಿನ ಅಂತರದಲ್ಲಿ ಅವಳು ಗೆದ್ದಿದ್ದಳು. ಅಂಗಳದಲ್ಲಿದ್ದ ಎಲ್ಲ ಕಾರುಗಳ ಹಾರನ್‌ಗಳೂ ಒಟ್ಟಿಗೆ ಕೂಗಿದವು. ಹಾರನ್ ಕೆಟ್ಟವರು ತಗಡು ಬಡಿದರು.

ಟೆಂಪೊದವನು ಓಡಿ ಬಂದ. ಅವಳ ಕೈ ಕುಲುಕುವ ಮೊದಲು ಬಾಗಿಲನ್ನು ತಟ್ಟಿದ.

"ನೋಡ್ರಪ್ಪಾ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ, "ನನ್ನ ಬಾಗಿಲು ಮೊದಲ್ನೇದು ಬಂತು. ನಾನೇ ಎರಡ್ನೇದು."

ಪತ್ರಿಕೆಯವರು ಬಂದರು. ಬೆಳಕು ಈ ಕಡೆ ಚೆನ್ನಾಗಿದೆ, ಕಾರು ಬಿಟ್ಟು ಸ್ವಲ್ಪ ಇತ್ತ ಬನ್ನಿ ಎಂದರು. ಅವಳು ಕದಲಲಿಲ್ಲ. ಎಲ್ಲರನ್ನೂ ಕರೆದು ಕಾರಿನ ಸುತ್ತ ನಿಲ್ಲಿಸಿದಳು. ಲೇತಿನವನನ್ನು ಬಾನೆಟ್ಟಿನ ಮೇಲೆ ಕೂರಿಸಿದಳು. ಈಗ ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಿ ಎಂದಳು.

ರಾಜ್ಯದ ಓಟಕ್ಕೆ ಅವಳು ಹೋದಳು. ಹೊರಡುವಾಗ ಅವಳ ಕಾರಿನಲ್ಲಿ ಬಿಳಿ ಬಣ್ಣ ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಬೇಕಾಗಿತ್ತು. ಎಲ್ಲರೂ ತಮ್ಮದೊಂದು ಭಾಗ ಅಲ್ಲಿಗೆ ಹೋಗಿ ಓಡಿಬರಲಿ ಎಂದು ಹಟ ಹಿಡಿದಿದ್ದರು.

ದಾವಲಸಾಬರು ಅಲ್ಲಿಗೆ ನಿಲ್ಲಿಸಿದರು. ಗ್ಯಾರೇಜಿನಲ್ಲಿ ಕುಳಿತವರೆಲ್ಲ ತಾವೇ ಗೆದ್ದವರಂತೆ ಗದ್ದಲ ಮಾಡಿದರು. ಕೊಟ್ರೇಶನೂ ನಕ್ಕ. ಕತೆ ಚೆನ್ನಾಗಿದೆ ಎಂದು ಒಪ್ಪಿಕೊಂಡ. ಆದರೆ ಅದು ಬಾಗಿಲು ಕಳೆದುಕೊಂಡವರ ಕತೆ, ಹುಷಾರಾಗಿ ಓಡಿಸುವವರಿಗೆ ಅದು ಬೇಕಾಗುವುದಿಲ್ಲ ಎಂದ.

"ನನ್ನ ಕಾರು ನೋಡಿ ಉಸ್ತಾದ್," ಎಂದು ಹೊರಗೆ ಬಿಸಿಲಿನಲ್ಲಿ ಹೊಳೆಯುತ್ತಿದ್ದ ತನ್ನ ಕಾರನ್ನು ತೋರಿಸಿದ. "ನಿಮ್ಮ ಜೊತೆ ಸೇರಿ ಎಷ್ಟು ವರ್ಷ ಆಯ್ತು. ಇವತ್ತಿಗೂ ತಂದಾಗಿನ ಬಣ್ಣವೇ. ಒಂದು ಬೋಲ್ಟೂ ಬೇರೆಯವರದ್ದಲ್ಲ, ನನ್ನದೊಂದೂ ಹೊರಗೆ ಹೋಗಿಲ್ಲ."

ದಾವಲಸಾಬರು ಎದ್ದು ಆ ಕಾರಿನ ಬಳಿ ಹೋಗಿ, ಅದರ ಬಾಗಿಲ ಮೇಲೆ ಕೈಯಾಡಿಸಿದರು.

"ಇಷ್ಟು ವರ್ಷದಲ್ಲಿ ನಿನ್ನ ಹತ್ರ ಒಬ್ಬರೂ ಒಂದು ಬಾಗಿಲು ಕೇಳಲಿಲ್ಲವೇನೋ, ಕೊಟ್ರೇಶ?"